ಎರಡು ಬೀಗದ ಮುನೇಶ್ವರ

ದೀಪುವಿಗೆ ಎಂಟು ತಿಂಗಳು ತುಂಬಿದಾಗಲೂ ಅವನ ಬಾಯಿಗೆ ಒಂದಗುಳು ಅನ್ನ ಬಿದ್ದಿರಲಿಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ ಅಂತೇನೂ ಅಲ್ಲ, ರೇಷನ್ ಅಕ್ಕಿಯ ಚೀಲ ಮಂಚದ ಕೆಳಗೇ ಇತ್ತು. ತಾಯಿ ಬೃಂದಾ ಏನೂ ತಿಳಿಯದ ಹೆಂಗಸೂ ಅಲ್ಲ, ಪಿಯುಸಿ ಪಾಸು ಮಾಡಿದವಳು. ವಿಷಯ ಇಷ್ಟೇ: ಕೆ.ಆರ್.ಪುರದಿಂದಾಚೆ ಒಂದು ಹಳ್ಳಿಯಲ್ಲಿರುವ ಅವರ ಮನೆದೇವರು ಮುನೇಶ್ವರನ ಗುಡಿಗೆ ಬೀಗ ಬಿದ್ದಿತ್ತು. ಆ ಬಾಗಿಲು ತೆಗೆಯುವ ತನಕ ಹುಡುಗ ಬಾಯಿ ತೆಗೆಯುವ ಹಾಗಿರಲಿಲ್ಲ.

ನಾನು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿ ಅಂಗನವಾಡಿ ನಡೆಸುವವಳು. ಹೆಸರು ಭಾಗ್ಯಲಕ್ಷ್ಮಿ. ಹತ್ತೊಂಬತ್ತು ವರ್ಷದಿಂದ ಈ ಓಣಿಯ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗುತ್ತಾ ಬಂದಿದ್ದೇನೆ. ಬಾಯಿ ಜೋರು ಅಂತ ನನಗೆ ಹೆಸರಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಈ ಕಾಲದಲ್ಲಿ ಅದಕ್ಕೆ ಜೋರು ಅನ್ನುತ್ತಾರೆ, ಅನ್ನಲಿ. ಆದರೆ ಈ ಕಥೆಯಲ್ಲಿ ನನ್ನ ಬಾಯಿಯಿಂದ ಆದ ಕೆಡುಕನ್ನೂ ನಾನೇ ಹೇಳಬೇಕು.

ಆರನೇ ತಿಂಗಳಲ್ಲಿ ದೀಪು ಆರು ಕೆಜಿ ನಾನೂರು ಗ್ರಾಂ ಇದ್ದ. ಏಳರಲ್ಲೂ ಅಷ್ಟೇ. ಎಂಟರಲ್ಲಿ ನೂರು ಗ್ರಾಂ ಇಳಿದಿದ್ದ. ಆ ವಯಸ್ಸಿನ ಮಗುವಿನ ತೂಕ ಒಂದು ತಿಂಗಳು ನಿಂತರೇ ನಮಗೆ ಗಾಬರಿ, ಇಳಿದರೆ ಕೇಳುವುದೇ ಬೇಡ. ಬೆಳವಣಿಗೆಯ ಚಾರ್ಟಿನಲ್ಲಿ ಹಸಿರು, ಹಳದಿ, ಕೆಂಪು ಅಂತ ಮೂರು ಪಟ್ಟೆಗಳಿರುತ್ತವೆ. ಅವನ ಚುಕ್ಕೆ ಹಳದಿಯಲ್ಲಿ ಜಾರುತ್ತಾ ಬಂದು ಕೆಂಪಿನ ಅಂಚಿಗೆ ಕೂತಿತ್ತು. ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದ. ಅಳು ಕೂಡ ಸಣ್ಣದು, ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ.

"ಆರು ತಿಂಗಳಾದ್ಮೇಲೆ ಎದೆಹಾಲೊಂದೇ ಸಾಲಲ್ಲ ಕಣಮ್ಮ," ಎಂದೆ ಬೃಂದಾಳಿಗೆ. "ಅನ್ನ ಬೇಳೆ ಕಿವುಚಿ, ಒಂದು ಚಮಚ ತುಪ್ಪ ಹಾಕಿ ಕೊಡು. ನೀರು ನೀರಾಗಿ ಅಲ್ಲ. ಚಮಚ ಓರೆ ಮಾಡಿದ್ರೆ ಕೆಳಗೆ ಬೀಳ್ಬಾರ್ದು, ಅಷ್ಟು ಗಟ್ಟಿ ಇರ್ಬೇಕು."

"ಗೊತ್ತು ಮಿಸ್."

"ಗೊತ್ತಿದ್ರೆ ಕೊಡು ಮತ್ತೆ."

"ಹರಕೆ ಇದೆಯಲ್ಲ ಮಿಸ್," ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ, ಮಗುವಿನ ಟೋಪಿಯ ದಾರ ಕಟ್ಟುತ್ತಾ ಹೇಳಿದಳು.

ಆ ಹರಕೆಗೆ ಕಾರಣ ನಾನೇ ಅಂತ ಆ ಮನೆಯವರ ನಂಬಿಕೆ. ಬೃಂದಾಳಿಗೆ ದೀಪುವಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತು. ನಮ್ಮ ಕೇಂದ್ರದಲ್ಲಿ ತಿಂಗಳಿಗೊಮ್ಮೆ, ಆರು ತಿಂಗಳು ತುಂಬಿದ ಮಕ್ಕಳನ್ನೆಲ್ಲ ಕೂರಿಸಿ ಅನ್ನಪ್ರಾಶನ ಮಾಡುತ್ತೇವೆ. ಆ ಮಗುವಿಗೆ ಮೊದಲ ತುತ್ತು ಇಟ್ಟವಳು ನಾನು. ಅದು ಅರ್ಧ ಉಗುಳಿ ನನ್ನ ಸೀರೆಯ ಮೇಲೆ ಬೀಳಿಸಿ ನಕ್ಕಿತ್ತು, ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಎರಡು ತಿಂಗಳ ನಂತರ ಭೇದಿ ಶುರುವಾಗಿ ಮೂರೇ ದಿನದಲ್ಲಿ ಹೋಗಿಬಿಟ್ಟಿತು. ಆ ಬೇಸಿಗೆಯಲ್ಲಿ ಓಣಿಗೆಲ್ಲ ಟ್ಯಾಂಕರ್ ನೀರು. ಅರ್ಧ ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು. ನೀರಿನಿಂದ ಆಯಿತು, ಆಸ್ಪತ್ರೆಗೆ ತಡವಾಗಿ ಹೋಗಿದ್ದರಿಂದ ಆಯಿತು. ಇದನ್ನು ನಾನು ನೂರು ಸಲ ಹೇಳಿದ್ದೇನೆ. ಆದರೂ ಆ ಮಗು ನೆನಪಾದ ದಿನ ನನಗೆ ಊಟ ಸೇರುವುದಿಲ್ಲ.

ಬೃಂದಾಳ ಮಾವ ಅಂಜನಮೂರ್ತಿ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದರು. ಅವರು ಬೇರೆ ರೀತಿ ಲೆಕ್ಕ ಹಾಕಿದರು. ಮನೆದೇವರಿಗೆ ತೋರಿಸದೆ, ಕಂಡವರ ಕೈಯಿಂದ ಮೊದಲ ತುತ್ತು ತಿಂದಿದ್ದಕ್ಕೇ ಹೀಗಾಯಿತು ಎಂದರು. ಕಂಡವರು ಅಂದರೆ ನಾನು. ನನ್ನ ಮಗನ ಹೆಸರು ಸುಗತ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಬಿಟ್ಟರೆ ಬೇರೆ ದೇವರಿಲ್ಲ. ಅಷ್ಟು ಸಾಕಲ್ಲ ಅವರಿಗೆ, 'ಕಂಡವರು' ಅನ್ನುವ ಮಾತಿನಲ್ಲಿ ಏನೇನೋ ಸೇರಿಸಿದ್ದರು. ಮಗುವಿಗೆ ಮಣ್ಣು ಕೊಟ್ಟ ಕಡೆಯೇ ನಿಂತು ಅವರು ಹರಕೆ ಹೇಳಿಕೊಂಡರಂತೆ: ಮುಂದೆ ಹುಟ್ಟುವ ಮಗುವಿಗೆ ಮುನೇಶ್ವರನ ಮುಂದೆ ತುತ್ತು ಇಡುವವರೆಗೂ ಹಾಲು ನೀರು ಬಿಟ್ಟು ಬೇರೇನನ್ನೂ ತುಟಿಗೆ ತಗಲಿಸುವುದಿಲ್ಲ.

ಹರಕೆ ಹೇಳಿಕೊಂಡಾಗ ಗುಡಿಯ ಬಾಗಿಲು ತೆರೆದೇ ಇತ್ತು. ಆಮೇಲೆ ಆ ಕಡೆಯ ಜಮೀನಿನ ಬೆಲೆ ಏರಿತು. ಗುಡಿಯ ಸುತ್ತಲಿನ ಹದಿನಾರು ಗುಂಟೆ ಯಾರದು ಅಂತ ದಾಯಾದಿಗಳಲ್ಲಿ ಜಗಳ ಬಿತ್ತು. ಒಬ್ಬರು ಪೂಜೆ ಮಾಡುವ ಮುನಿನಾರಾಯಣಪ್ಪ, ಇನ್ನೊಬ್ಬರು ಸೈಟು ವ್ಯಾಪಾರದ ಕೆಂಪರಾಜ್. ಮುನಿನಾರಾಯಣಪ್ಪ ಬಾಗಿಲಿಗೆ ತಮ್ಮ ಬೀಗ ಹಾಕಿದರು. ಮಾರನೇ ದಿನ ಕೆಂಪರಾಜ್ ಅದರ ಮೇಲೆ ತನ್ನದೊಂದು ಹಾಕಿದ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆಗೆಯುತ್ತದೆ, ಮೊದಲು ಬಂದವನು ಸೋತ ಹಾಗೆ. ಹೀಗಾಗಿ ಒಂದು ವರ್ಷದಿಂದ ಯಾರೂ ಬಂದಿರಲಿಲ್ಲ.

ನಾನು ಒಂದು ಸಂಜೆ ಅಂಜನಮೂರ್ತಿ ಅವರ ಮನೆಗೇ ಹೋದೆ. ಅವರು ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನ ಶರ್ಟು ಮೊಳೆಗೆ ಹಾಕಿ ಕೂತಿದ್ದರು.

"ಅನ್ನ ಬೇಡ ಬಿಡಿ," ಎಂದೆ. "ಬಾಳೆಹಣ್ಣು ಕಿವುಚಿ ಕೊಡಿ. ಅದೇನು ಬೇಯಿಸಿದ್ದಲ್ಲ, ಧಾನ್ಯ ಅಲ್ಲ. ಹರಕೆ ಮುರಿಯಲ್ಲ."

"ಹರಕೆ ಹೊತ್ತಿರೋದು ತುತ್ತಿಗೆ ಟೀಚರಮ್ಮ. ಬಾಳೆಹಣ್ಣು ಇಟ್ರೂ ತುತ್ತೇ, ಬೆಲ್ಲ ಇಟ್ರೂ ತುತ್ತೇ."

"ಮಗು ಇಳೀತಾ ಇದೆ ಯಜಮಾನ್ರೇ."

"ನನಗೆ ಕಣ್ಣಿಲ್ವಾ? ಪ್ರತಿ ಭಾನುವಾರ ಹೋಗಿ ಇಬ್ರ ಕಾಲಿಗೂ ಬೀಳ್ತಾ ಇದೀನಿ. ನಿಮಗೆ ದೇವ್ರಿಲ್ಲ, ನೀವು ಸುಲಭವಾಗಿ ಹೇಳ್ಬಿಡ್ತೀರಿ. ಒಂದನ್ನ ಮಣ್ಣು ಮಾಡಿರೋದು ನಾವು."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಗಿಲ ಮರೆಯಲ್ಲಿ ನಿಂತಿದ್ದ ಬೃಂದಾ ಕಣ್ಣಲ್ಲೇ ಬೇಡ ಅಂದಳು. ಆಗ ನನಗೆ ಅರ್ಥವಾಯಿತು, ಮಾವನಿಗಿಂತ ಹೆಚ್ಚು ಹೆದರಿರುವವಳು ಅವಳೇ. ಅವಳ ಗಂಡ ಪ್ರೇಮ್‌ಕುಮಾರ್ ಗೂಡ್ಸ್ ಆಟೋ ಓಡಿಸುವವನು. ಅವನನ್ನು ಕೇಳಿದರೆ "ಅಪ್ಪ ಹೇಳ್ದಂಗೆ" ಎಂದಷ್ಟೇ ಹೇಳಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದ.

ಎಂಟೂವರೆ ತಿಂಗಳಿಗೆ ಬೃಂದಾ ತಾನಾಗಿಯೇ ನನ್ನ ಹತ್ತಿರ ಬಂದಳು. ಇಂದಿರಾನಗರದ ಒಂದು ಬಟ್ಟೆ ಅಂಗಡಿಯಲ್ಲಿ ಹತ್ತರಿಂದ ಎರಡರವರೆಗೆ ಇಸ್ತ್ರಿ ಮತ್ತು ಪ್ಯಾಕಿಂಗ್ ಕೆಲಸ ಸಿಕ್ಕಿತ್ತು. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವಳು ಊರಿಗೆ ಹೋಗಿದ್ದಳು.

"ನಾಲ್ಕು ಗಂಟೆ ಹೊತ್ತು ನೋಡ್ಕೋತೀರಾ ಮಿಸ್? ಬಾಟ್ಲಲ್ಲಿ ಹಾಲು ಹಾಕಿ ಕೊಟ್ಟಿರ್ತೀನಿ. ಬೇರೆ ಏನೂ ಕೊಡಲ್ಲ ಅಂತ ಆಣೆ ಮಾಡ್ಬೇಕು. ಸುಗತನ ಮೇಲೆ."

"ಸುಗತನ ಆಣೆಗೂ ಏನೂ ಕೊಡಲ್ಲ," ಎಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಆಣೆ ಪ್ರಮಾಣಗಳನ್ನೆಲ್ಲ ನಾನು ನಂಬುವವಳಲ್ಲ. ಮಗು ಕೈಗೆ ಸಿಕ್ಕರೆ ಸಾಕಾಗಿತ್ತು ನನಗೆ.

ಮೊದಲ ದಿನ ಹನ್ನೊಂದೂವರೆಗೆ ದೊಡ್ಡ ಮಕ್ಕಳೆಲ್ಲ ತಟ್ಟೆ ಮುಂದಿಟ್ಟುಕೊಂಡು ಕೂತರು. ದೀಪು ನನ್ನ ತೊಡೆಯ ಮೇಲಿದ್ದ. ಒಂದೊಂದು ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೂ ನೋಡುತ್ತಿದ್ದ, ನೋಡುತ್ತಾ ತನ್ನ ತುಟಿಯನ್ನೂ ಆಡಿಸುತ್ತಿದ್ದ. ಬಾಟಲಿಯ ಹಾಲಿನಲ್ಲಿ ಮುಕ್ಕಾಲು ನೀರು. ನಮ್ಮ ಸಹಾಯಕಿ ಆಬಿದಾ ಸೌಟು ಹಿಡಿದು ನಿಂತವಳು ನನ್ನನ್ನೇ ದಿಟ್ಟಿಸಿದಳು.

"ಬಚ್ಚಾ ಭೂಕಾ ಹೈ ಮೇಡಂ," ಎಂದಳು. "ಹಸಿದಿರೋ ಮಗು ಎದ್ರು ಇಟ್ಕೊಂಡು ನಾವು ಬಡಿಸ್ತಾ ಇದೀವಲ್ಲ, ಅದು ಪಾಪ ಅಲ್ವಾ?"

ಅನ್ನ, ಹೆಸರುಬೇಳೆ, ನನ್ನ ಡಬ್ಬಿಯಲ್ಲಿದ್ದ ತುಪ್ಪ. ಬೆರಳಲ್ಲಿ ಬೆಣ್ಣೆಯ ಹಾಗೆ ಕಿವುಚಿ ಚಮಚದ ತುದಿಯಲ್ಲಿ ಇಟ್ಟೆ. ದೀಪು ಅದನ್ನು ನಾಲಿಗೆಯಿಂದ ಹೊರಗೆ ತಳ್ಳಿದ. ಎಲ್ಲ ಮಕ್ಕಳೂ ಮೊದಲು ತಳ್ಳುತ್ತವೆ, ನುಂಗುವುದನ್ನು ಕಲಿಯಬೇಕಲ್ಲ. ಮೂರನೇ ದಿನ ನುಂಗಿದ. ವಾರ ಕಳೆಯುವುದರೊಳಗೆ ನಾನು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, 'ಆಂ' ಎಂದು ಬಾಯಿ ಅಗಲಿಸಿ ಕಾಯುತ್ತಿದ್ದ. ಅರ್ಧ ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಕುಂಬಳಕಾಯಿ, ಎಲ್ಲ ತಿಂದ. ಎರಡು ಗಂಟೆಗೆ ಮೊದಲು ಬಾಯಿ ತೊಳೆದು, ಅಂಗಿ ಬದಲಿಸಿ, ಉಗುರಿನ ಸಂದಿ ಕೂಡ ಒರೆಸಿ ಇಡುತ್ತಿದ್ದೆ. ಕಳ್ಳತನಕ್ಕೆ ನಾನು ಲಾಯಕ್ಕಾದ ಹೆಂಗಸು ಅಂತ ಆಗಲೇ ಗೊತ್ತಾಗಿದ್ದು.

ಮೊದಲ ದಿನ ಸಂಜೆ ಮಾತ್ರ ಮಗನಿಗೆ ಫೋನ್ ಮಾಡಿ ಎಲ್ಲಿದ್ದೀಯ, ಹುಷಾರಾಗಿದ್ದೀಯ ಅಂತ ಕೇಳಿದೆ. "ಯಾಕಮ್ಮ, ಏನಾಯ್ತು?" ಎಂದ. ಏನಿಲ್ಲ ಎಂದು ಇಟ್ಟುಬಿಟ್ಟೆ.

ಹತ್ತು ದಿನಕ್ಕೆ ಬೃಂದಾ ಕೇಳಿದಳು, "ಮಿಸ್, ಇವನ ಕಕ್ಕ ಬೇರೆ ಥರ ಆಗಿದೆ. ಗಟ್ಟಿಯಾಗಿದೆ, ಬಣ್ಣಾನೂ ಬೇರೆ."

"ಪ್ಯಾಕೆಟ್ ಹಾಲಿಗೆ ಹಾಗಾಗುತ್ತಮ್ಮ," ಎಂದೆ.

ಅವಳು ನಂಬಿದಳು. ಅಷ್ಟು ಸುಲಭವಾಗಿ ನಂಬಿದ್ದು ನೋಡಿ ನನಗೆ ಒಂಥರಾ ಆಯಿತು.

ಹತ್ತನೇ ತಿಂಗಳಿಗೆ ತೂಗಿದಾಗ ಆರು ಕೆಜಿ ಏಳುನೂರು. ಚುಕ್ಕೆ ಕೆಂಪಿನಿಂದ ಒಂದು ಕೂದಲೆಳೆ ಮೇಲೆ ಬಂದಿತ್ತು. ಬೇರೆ ಮಕ್ಕಳಿಗೆ ಹೋಲಿಸಿದರೆ ಅವನು ಇನ್ನೂ ಕಡ್ಡಿಯೇ. ಆದರೆ ಹಿಡಿಯದೆ ಕೂರುತ್ತಿದ್ದ, ಡಬ್ಬಿ ಬಡಿದು ಸದ್ದು ಮಾಡುತ್ತಿದ್ದ, ಅತ್ತರೆ ಬೀದಿಗೆ ಕೇಳುತ್ತಿತ್ತು. ಆ ನಾನೂರು ಗ್ರಾಂ ನೋಡಿ ನನಗೂ ಆಬಿದಾಗೂ ಕಣ್ಣು ತುಂಬಿತು. ಹತ್ತೊಂಬತ್ತು ವರ್ಷದಲ್ಲಿ ಯಾವ ತೂಕವೂ ನನ್ನನ್ನು ಅಷ್ಟು ಕುಣಿಸಿರಲಿಲ್ಲ.

ಆದರೆ ನಾನು ಒಂದನ್ನು ಯೋಚಿಸಿರಲಿಲ್ಲ. ಮಗು ಬೆಳೆದದ್ದು ಬೃಂದಾಳ ಮನೆಯವರಿಗೂ ಕಾಣುತ್ತಿತ್ತು. ಏನೂ ತಿನ್ನದೆ ಬರೀ ಹಾಲು ನೀರಿನಲ್ಲಿ ಮಗು ಮೈ ಹಿಡಿಯುತ್ತಿದೆ ಅಂದರೆ ಅವರು ಯಾರಿಗೆ ಕೈ ಮುಗಿಯಬೇಕು?

"ನೋಡಿದ್ರಾ ಟೀಚರಮ್ಮ," ಎಂದರು ಅಂಜನಮೂರ್ತಿ, ನಾನು ಅವರ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು. "ಹರಕೆ ಮೇಲೆ ನಿಂತಿದ್ದಕ್ಕೆ ಅವನೇ ಬೆಳೆಸ್ತಾ ಇದಾನೆ. ಇನ್ನು ಆತುರ ಇಲ್ಲ. ವರ್ಷ ತುಂಬ್ಲಿ, ಒಂದೂವರೆ ವರ್ಷ ಆಗ್ಲಿ, ಬಾಗಿಲು ತೆಗೆದಾಗ ಹೋದ್ರಾಯ್ತು."

ಭಾನುವಾರದ ಓಡಾಟ ನಿಂತಿತು. ಬೃಂದಾ ಮಗುವನ್ನು ಎತ್ತಿಕೊಂಡು ಓಣಿಯಲ್ಲಿ ಎಲ್ಲರಿಗೂ ತೋರಿಸಿದಳು. ಅದೇ ವಾರ ಇನ್ನೊಬ್ಬ ತಾಯಿ ನನ್ನ ಹತ್ತಿರ ಬಂದು, "ನಮ್ಮದಕ್ಕೂ ಈಗ್ಲೇ ಅನ್ನ ಯಾಕೆ ಮಿಸ್, ಬೃಂದಕ್ಕನ ಮಗು ಹಾಲಲ್ಲೇ ಚೆನ್ನಾಗಿದೆಯಲ್ಲ," ಎಂದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನನ್ನ ಡಬ್ಬಿಯ ತುಪ್ಪವೆಲ್ಲ ಮುನೇಶ್ವರನ ಲೆಕ್ಕಕ್ಕೆ ಹೋಗಿತ್ತು.

ಅದು ಸಾಲದು ಅಂತ ಸೂಪರ್‌ವೈಸರ್ ಮೇಡಂ ಬಂದರು. "ಮೂರು ವರ್ಷದೊಳಗಿನ ಮಗುನ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ ಭಾಗ್ಯಲಕ್ಷ್ಮಿ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಒಂದನೇ ತಾರೀಖಿಂದ ಇಲ್ಲಿ ಕಾಣಿಸ್ಬಾರ್ದು," ಎಂದು ಹೇಳಿ ಹೋದರು. ಹದಿನೇಳು ದಿನ ಉಳಿದಿತ್ತು. ಆಮೇಲೆ ಅವನಿಗೆ ಒಂದು ಚಮಚವೂ ಇಲ್ಲ.

ಹರಕೆ ತೀರಿಸದೆ ಬೇರೆ ದಾರಿ ಇರಲಿಲ್ಲ. ದೇವರಿಲ್ಲ ಅನ್ನುವ ನಾನು ದೇವರ ಬಾಗಿಲು ತೆಗೆಸಲು ಹೊರಟೆ. ಇದನ್ನು ಸುಗತನಿಗೆ ಹೇಳಿದಾಗ ಅವನು ನನ್ನನ್ನು ನೋಡಿ ನಕ್ಕ ನಗು ಕೇಳಲೇ ಬೇಡಿ.

ಭಾನುವಾರ ಕೆ.ಆರ್.ಪುರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಹಳ್ಳಿ ಅನ್ನುವುದು ಹೆಸರಿಗೆ, ಮೂರು ಕಡೆ ಅಪಾರ್ಟ್‌ಮೆಂಟು ಎದ್ದಿದ್ದವು. ನಡುವೆ ಬೇವಿನ ಮರದ ಕೆಳಗೆ ಪುಟ್ಟ ಗುಡಿ, ಬಾಗಿಲಲ್ಲಿ ಎರಡು ಬೀಗ. ಮುನಿನಾರಾಯಣಪ್ಪ ನನ್ನನ್ನು ಜಗುಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದರು.

"ಕೆಂಪರಾಜ್ ಅವ್ರು ತೆಗೀತೀನಿ ಅಂದಿದಾರಂತೆ," ಎಂದೆ. "ನೀವೇ ಒಪ್ತಾ ಇಲ್ಲ, ನಿಮ್ಮಿಂದ್ಲೇ ಮಗುವಿನ ಶಾಸ್ತ್ರ ನಿಂತಿದೆ ಅಂತ ಎಲ್ಲಾ ಕಡೆ ಹೇಳ್ಕೊಂಡು ಬರ್ತಿದಾರಂತೆ."

"ಯಾರು ನಾನಾ? ನಾನ್ಯಾವಾಗ ಒಲ್ಲೆ ಅಂದೆ?"

ಅಲ್ಲಿಂದ ಕೆಂಪರಾಜನ ಆಫೀಸಿಗೆ ಹೋಗಿ ಅದೇ ಮಾತನ್ನು ತಿರುಗಿಸಿ ಹೇಳಿದೆ. ಸೈಟು ಮಾರುವವನಿಗೆ ಒಳ್ಳೆಯ ಹೆಸರು ಬೇಕಲ್ಲ, ಅವನೂ ಗರಂ ಆದ. ಎರಡು ಸುಳ್ಳಿಗೆ ಎರಡು ಬೀಗ ಒಪ್ಪಿದವು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಒಂದೇ ಗಂಟೆ, ಇಬ್ಬರೂ ಒಟ್ಟಿಗೆ ಬೀಗ ತೆಗೆಯುವುದು ಅಂತ ನಿಶ್ಚಯವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನನ್ನ ಮೇಲೇ ಹೆಮ್ಮೆ ಉಕ್ಕಿ, ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕು ಕೂಡ ಬೇಸರವಾಗಲಿಲ್ಲ.

ಅಂಜನಮೂರ್ತಿ ಅವರಿಗೆ ಸುದ್ದಿ ತಿಳಿದಾಗ ಮೊದಲ ಬಾರಿಗೆ ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿದರು. ಬೃಂದಾ ನನ್ನ ಕೈ ಹಿಡಿದುಕೊಂಡು, "ನೀವು ಬರ್ಲೇಬೇಕು ಮಿಸ್, ನೀವೇ ಓಡಾಡಿ ಮಾಡ್ಸಿದ್ದು," ಎಂದಳು.

ಭಾನುವಾರ ಪ್ರೇಮ್‌ಕುಮಾರನ ಗೂಡ್ಸ್ ಆಟೋದ ಹಿಂದೆ ಜಮಖಾನ ಹಾಸಿ ಎಲ್ಲರೂ ಕೂತೆವು. ದೀಪುವಿಗೆ ಜರಿಯ ಅಂಗಿ, ಹಣೆಗೆ ಕಪ್ಪು ಬೊಟ್ಟು. ಬೃಂದಾ ಹೊಸ ಸೀರೆಯಲ್ಲಿ ಎರಡು ವರ್ಷ ಚಿಕ್ಕವಳ ಹಾಗೆ ಕಾಣುತ್ತಿದ್ದಳು. ಮಹದೇವಪುರ ದಾಟುವಾಗ ಅವಳು ಮಡಿಲಿಂದ ಒಂದು ಎಳೆಯ ಬಾಳೆ ಎಲೆ ತೆಗೆದು ತೋರಿಸಿದಳು.

"ಇದು ದೇವರ ಪಾಲಿಗೆ ಮಿಸ್. ನಮ್ಮಲ್ಲಿ ಮೊದಲ್ನೇ ತುತ್ತನ್ನ ಮಗು ಉಗಿಯುತ್ತಲ್ಲ, ಅದನ್ನ ಈ ಎಲೇಲಿ ಹಿಡಿದು ಮುನೇಶ್ವರನ ಮುಂದೆ ಇಡ್ಬೇಕು. ತನ್ನ ಪಾಲು ಅವನು ಮೊದಲು ತಗೊಂಡ ಅಂತ. ಎರಡನೇ ತುತ್ತಿಂದ ಮಗೂಗೆ."

"ಉಗಿಯದೇ ಇದ್ರೆ?" ಎಂದೆ.

"ಉಗಿಯದ ಮಗು ಎಲ್ಲಿರುತ್ತೆ ಮಿಸ್? ನೀವೇ ಹೇಳ್ತಿದ್ರಲ್ಲ, ಎಲ್ಲಾ ಮಕ್ಕಳೂ ತಳ್ತವೆ ಅಂತ."

ಈ ಶಾಸ್ತ್ರ ನನಗೆ ಗೊತ್ತೇ ಇರಲಿಲ್ಲ. ಆಟೋ ನಿಲ್ಲಿಸಿ ಎಲ್ಲ ಹೇಳಿಬಿಡಲೇ ಅಂದುಕೊಂಡೆ. ಹೇಳಿದರೆ ಗಾಡಿ ಅಲ್ಲೇ ತಿರುಗುತ್ತಿತ್ತು. ಹೇಳದಿದ್ದರೆ ಒಂದು ಆಸೆ ಇತ್ತು: ಹೊಸ ಜಾಗ, ಹೊಸ ಮುಖ, ಗಂಟೆ ಸದ್ದು, ಹೆದರಿ ಅತ್ತು ಉಗಿದರೂ ಉಗಿದಾನು. ಸುಮ್ಮನೆ ಕೂತೆ. ಹುಟ್ಟಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತ ಕೆಲವೇ ಗಳಿಗೆಗಳಲ್ಲಿ ಅದೂ ಒಂದು.

ಹತ್ತಕ್ಕೆ ಸರಿಯಾಗಿ ಮುನಿನಾರಾಯಣಪ್ಪ, ಕೆಂಪರಾಜ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೀಗ ತೆಗೆದರು. ಒಳಗೆ ಒಂದು ವರ್ಷದ ಧೂಳು, ಇಲಿ ಪಿಕ್ಕೆ. ಹೆಂಗಸರು ಗುಡಿಸಿ ನೀರು ಹಾಕಿದರು. ಕಲ್ಲಿಗೆ ಅರಿಸಿನ ಕುಂಕುಮ ಬಳಿದು, ಬೆಲ್ಲ ತುಪ್ಪ ಹಾಕಿದ ಅನ್ನ ನೈವೇದ್ಯ ಮಾಡಿದರು. ನಾನು ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕ ನಿಂತೆ. ಯಾರೂ ಮೇಲೆ ಬಾ ಅನ್ನಲಿಲ್ಲ, ನಾನೂ ಹೋಗಲಿಲ್ಲ.

ಅಂಜನಮೂರ್ತಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಬೃಂದಾ ಎಲೆಯನ್ನು ಅವನ ಗಲ್ಲದ ಕೆಳಗೆ ಹಿಡಿದಳು. ಮುನಿನಾರಾಯಣಪ್ಪ ಬೆಳ್ಳಿ ಚಮಚದಲ್ಲಿ ನಾಲ್ಕಗುಳು ತೆಗೆದುಕೊಂಡು ಮಂತ್ರ ಹೇಳುತ್ತಾ ಬಗ್ಗಿದರು.

ದೀಪು ಚಮಚ ನೋಡಿದ. ಅವನ ಮುಖ ಅರಳಿತು. "ಆಂ," ಎಂದು ಬಾಯಿ ಅಗಲಿಸಿದ. ಚಮಚ ಒಳಗೆ ಹೋದೊಡನೆ ತುಟಿ ಮುಚ್ಚಿ ಎಳೆದುಕೊಂಡು, ವಸಡಿನಲ್ಲಿ ಎರಡು ಸಲ ಅರೆದು ನುಂಗಿದ. ಎಲೆಯ ಮೇಲೆ ಒಂದಗುಳೂ ಬೀಳಲಿಲ್ಲ. ಆಮೇಲೆ ತಟ್ಟೆಯನ್ನು ಅಂಗೈಯಿಂದ ಬಡಿದು ಮತ್ತೆ "ಆಂ" ಎಂದ. ಮುನಿನಾರಾಯಣಪ್ಪ ಗಾಬರಿಯಲ್ಲಿ ಇನ್ನೊಂದು ತುತ್ತು ಇಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡೇ ಅವನು ಅತ್ತ ಇತ್ತ ಕತ್ತು ತಿರುಗಿಸಿ ಹುಡುಕಿದ. ಚಪ್ಪಲಿಗಳ ಪಕ್ಕ ನಿಂತಿದ್ದ ನಾನು ಅವನ ಕಣ್ಣಿಗೆ ಬಿದ್ದೆ. ಎರಡೂ ಕೈ ಚಾಚಿ ನಕ್ಕ.

"ಇದು ಮೊದಲ್ನೇ ತುತ್ತಲ್ಲ," ಎಂದರು ಮುನಿನಾರಾಯಣಪ್ಪ.

ಬೃಂದಾ ಮೆಲ್ಲಗೆ ನನ್ನ ಕಡೆ ತಿರುಗಿದಳು. "ಮಿಸ್, ನೀವು ಆಣೆ ಮಾಡಿದ್ರಿ."

"ಕೆಲವು ಮಕ್ಕಳು ಹಾಗೇ ಬೃಂದಾ, ಚುರುಕಿರ್ತವೆ," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೋ ಆಗುತ್ತಿತ್ತು. ಅವಳು ಇನ್ನೂ ನಂಬಲು ತಯಾರಿದ್ದಳು, ನನಗೆ ಅವಳ ಕಣ್ಣಲ್ಲಿ ಕಾಣುತ್ತಿತ್ತು. ಆಗ ಅಂಜನಮೂರ್ತಿ, "ಮೊದಲ್ನೇದನ್ನ ತಿಂದ ಕೈಯೇ ಇದು. ಇವನನ್ನೂ ಬಿಡ್ಲಿಲ್ಲ," ಎಂದರು.

ನನ್ನ ಸಿಟ್ಟು ನನ್ನ ಕೈ ಮೀರಿತು. "ಹೌದು, ತಿನ್ನಿಸ್ದೆ," ಎಂದೆ. "ಒಂದೂವರೆ ತಿಂಗಳು ದಿನಾ ತಿನ್ನಿಸ್ದೆ. ಅನ್ನ ತಿನ್ನಿಸ್ದೆ, ಮೊಟ್ಟೆ ತಿನ್ನಿಸ್ದೆ. ತಿನ್ನಿಸಿದ್ದಕ್ಕೇ ಅವ್ನು ಹೀಗೆ ಕೂತಿದಾನೆ. ನಿಮ್ಮ ಕಲ್ಲು ಏನ್ ಬೆಳೆಸ್ತು ಅವನ್ನ?"

ಮಾತು ಬಾಯಿಂದ ಹೊರಬಿದ್ದ ಕ್ಷಣವೇ ನಾನು ಏನು ಮಾಡಿದೆನೆಂದು ಗೊತ್ತಾಯಿತು. ಬೃಂದಾ ಎಲೆ ಕೆಳಗಿಟ್ಟಳು. ಮಗನ ಗಲ್ಲ ಹಿಡಿದು, ತೋರುಬೆರಳನ್ನು ಅವನ ಬಾಯೊಳಗೆ ಹಾಕಿ, ಉಳಿದಿದ್ದ ಅನ್ನವನ್ನು ಬಗೆದು ತೆಗೆದಳು. ವಸಡು, ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ, ಎಲ್ಲ ಕಡೆ ಹುಡುಕಿ ತೆಗೆದಳು. ಅವನು ಉಸಿರು ಕಟ್ಟಿ ಅತ್ತ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೂ ಬಿಡಲಿಲ್ಲ. ಆ ಬೆರಳಿನಲ್ಲಿ ಕ್ರೌರ್ಯ ಇರಲಿಲ್ಲ, ಬರೀ ಹೆದರಿಕೆ ಇತ್ತು. ಅದಕ್ಕೇ ಅದನ್ನು ಬೈಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಒಂದು ವರ್ಷದಿಂದ ಯಾವುದಕ್ಕೂ ಒಪ್ಪದ ಇಬ್ಬರು ದಾಯಾದಿಗಳು ಅವತ್ತು ಒಂದು ಮಾತಿಗೆ ಒಪ್ಪಿದರು. ಹರಕೆ ಮುರಿದಿದೆ, ಹೊಸದಾಗಿ ಹೊರಬೇಕು. ಮೊದಲು ಗುಡಿಗೆ ಶುದ್ಧಿ, ಶುದ್ಧಿಯಾದ ಮೇಲೆ ನಲವತ್ತೆಂಟು ದಿನ ಮಗುವಿಗೆ ಹಾಲು ನೀರು ಮಾತ್ರ, ಆಮೇಲೆ ಮತ್ತೆ ತುತ್ತು. ಆದರೆ ಶುದ್ಧಿ ಯಾರು ಮಾಡಿಸಬೇಕು ಅನ್ನುವಲ್ಲಿ ಮಾತು ಹೊತ್ತಿಕೊಂಡಿತು. ಆ ಹೆಂಗಸಿನ ಮಾತು ಕೇಳಿ ಬಾಗಿಲು ತೆಗೆಯಲು ಮೊದಲು ಒಪ್ಪಿದವನು ನೀನು ಎಂದು ಇಬ್ಬರೂ ಕೈ ತೋರಿಸಿಕೊಂಡರು. ನನ್ನ ಎರಡು ಸುಳ್ಳು ಅಲ್ಲೇ ಹೊರಬಂದವು. ಹನ್ನೊಂದಕ್ಕೆ ಮುಂಚೆಯೇ ಬಾಗಿಲು ಮುಚ್ಚಿ ಒಂದರ ಮೇಲೊಂದು ಬೀಗ ಬಿತ್ತು. ಶುದ್ಧಿ ಆಗಲಿಲ್ಲ, ನಲವತ್ತೆಂಟು ದಿನದ ಲೆಕ್ಕವೂ ಶುರುವಾಗಲಿಲ್ಲ. ನಾನು ಒಬ್ಬಳೇ ಬಸ್ಸಿನಲ್ಲಿ ಬಂದೆ.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಸೂಪರ್‌ವೈಸರ್ ಮೇಡಂಗೆ ಎಲ್ಲ ಬರೆದುಕೊಟ್ಟೆ, ನಿಯಮ ಮೀರಿ ಮಗುವನ್ನು ಇಟ್ಟುಕೊಂಡಿದ್ದಕ್ಕೆ ನನಗೇ ನೋಟಿಸ್ ಬಂತು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಇಬ್ಬರು ಬಂದು ಮನೆ ನೋಡಿದರು, ಹಾಲಿನ ಬಾಟಲಿ ನೋಡಿದರು, ತಾಯಿ ಮಗುವನ್ನು ಎದೆಗೊತ್ತಿಕೊಂಡಿದ್ದನ್ನು ನೋಡಿದರು, ಬರೆದುಕೊಂಡು ಹೋದರು. ಬೃಂದಾ ಕೆಲಸ ಬಿಟ್ಟಳು. ತೂಕದ ದಿನ ಬರಲಿಲ್ಲ. ನಾಲ್ಕು ಸಲ ಮನೆಗೆ ಹೋದೆ, ನಾಲ್ಕು ಸಲವೂ ಬಾಗಿಲು ತೆಗೆಯಲಿಲ್ಲ.

ಆರನೇ ವಾರ ತೆಗೆದಳು. ಮಾವ ಡ್ಯೂಟಿಗೆ ಹೋಗಿದ್ದರು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನೆಮ್ಮದಿಯಿದ್ದ ಹಾಗಿತ್ತು. "ಬನ್ನಿ ಮಿಸ್, ನೀವೂ ನೋಡಿ, ನಿಮಗೂ ಸಮಾಧಾನ ಆಗ್ಲಿ," ಎಂದಳು.

ದೀಪು ಚಾಪೆಯ ಮೇಲೆ ಮಲಗಿದ್ದ. ತೂಗುವುದೇ ಬೇಕಿರಲಿಲ್ಲ. ತೊಡೆಯ ಚರ್ಮ ದೊಡ್ಡವರ ಅಂಗಿ ತೊಡಿಸಿದಂತೆ ಜೋತಾಡುತ್ತಿತ್ತು. ಹನ್ನೊಂದೂವರೆ ತಿಂಗಳ ಮಗು ಕತ್ತು ಎತ್ತಲಿಲ್ಲ. ಎತ್ತಿಕೊಳ್ಳಲು ಬಗ್ಗಿದೆ, ಬೃಂದಾ ನನ್ನ ಕೈ ತಡೆದಳು.

"ಮುಟ್ಬೇಡಿ ಮಿಸ್. ಸುಮ್ನೆ ನೋಡಿ."

ಅವಳು ಗೂಡಿನಿಂದ ಒಂದು ಖಾಲಿ ಚಮಚ ತಂದು ಅವನ ತುಟಿಯ ಹತ್ತಿರ ಹಿಡಿದಳು. ಅತ್ತ ಆಡಿಸಿದಳು, ಇತ್ತ ಆಡಿಸಿದಳು.

"ಮೊದಲು ಎರಡು ವಾರ ಚಮಚ ಕಂಡ್ರೆ ಸಾಕು ಬಾಯಿ ತೆಗೀತಿದ್ದ, ನಂಗೆ ಜೀವ ಹೋಗ್ತಿತ್ತು. ದಿನಾ ಹೀಗೆ ಹಿಡಿದು ನೋಡ್ತೀನಿ. ಈಗ ನೋಡಿ, ಎಲ್ಲಾ ಮರ್ತಿದಾನೆ. ಇನ್ನು ಬಾಗಿಲು ತೆಗೆದ ದಿನ ಉಗೀತಾನೆ ಮಿಸ್, ಖಂಡಿತ ಉಗೀತಾನೆ."

ಅವನು ಮರೆತಿಲ್ಲ ಕಣೇ, ಅವನಿಗೆ ಶಕ್ತಿಯಿಲ್ಲ ಎಂದು ಹೇಳಬೇಕಿತ್ತು. ಬೃಂದಾ ಚಮಚವನ್ನು ಇನ್ನೂ ಹತ್ತಿರ ತಂದಳು. ದೀಪು ಅದರ ಕಡೆ ಕಣ್ಣು ಕೂಡ ತಿರುಗಿಸಲಿಲ್ಲ.